ನೋವಿಲ್ಲ ಎನ್ನುವವರ ಪಾದ

ನಾನು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ನರ್ಸ್. ಬಿಪಿ, ಶುಗರ್ ನೋಡುವುದರ ಜೊತೆಗೆ ಪಾದ ಪರೀಕ್ಷೆಯೂ ನನ್ನದೇ. ‘ಕಾಲು ನೋವಿದೆಯಾ’ ಅಂತ ಕೇಳಿ ನಾನು ಶುರು ಮಾಡುವುದಿಲ್ಲ. ಶುಗರ್‌ನಿಂದ ನರ ಸೊರಗಿದವರಿಗೆ ನೋವೇ ಗೊತ್ತಾಗುವುದಿಲ್ಲ, ಅಲ್ವಾ? ಮುಳ್ಳು ಚುಚ್ಚಿದರೂ, ಬಿಸಿನೀರಿಗೆ ಬೊಬ್ಬೆ ಎದ್ದರೂ ‘ಏನೂ ಇಲ್ಲ ಸಿಸ್ಟರ್, ಚೆನ್ನಾಗಿದ್ದೀನಿ’ ಅನ್ನುತ್ತಾರೆ. ನನಗೆ ಜಾಸ್ತಿ ಭಯ ಅವರ ಬಗ್ಗೆಯೇ.

ಅದಕ್ಕೇ ಬೇರೆ ಥರ ಕೇಳುತ್ತೇನೆ. ನಡೆಯುವಾಗ ಚಪ್ಪಲಿ ಕಳಚಿಕೊಂಡರೂ ಗೊತ್ತಾಗದೆ ಮುಂದೆ ಹೋಗಿದ್ದುಂಟಾ? ಹಿಂದೆ ಯಾವಾಗಲಾದರೂ ಕಾಲಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿದ್ರಾ? ಈ ಎರಡನೇ ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ. ಒಮ್ಮೆ ಹುಣ್ಣಾಗಿ ವಾಸಿಯಾದ ಕಾಲಲ್ಲಿ ಮತ್ತೆ ಹುಣ್ಣಾಗುವ ಸಂಭವ ತುಂಬಾ ಹೆಚ್ಚು.

ಆಮೇಲೆ ಎರಡೂ ಕಾಲಿನ ಚಪ್ಪಲಿ, ಸಾಕ್ಸ್ ತೆಗೆಸಿ, ಬೆಳಕಿರುವ ಕಡೆ ಪಾದ ಚಾಚಿಸುತ್ತೇನೆ. ಬೆರಳ ಸಂದಿಗಳನ್ನು ಬಿಡಿಸಿಯೇ ನೋಡಬೇಕು. ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ಕೆಸರುಹುಣ್ಣು ಅಲ್ಲೇ ಇರುತ್ತದೆ. ಹೆಂಗಸರಿಗೆ ಬಿಗಿಯಾದ ಕಾಲುಂಗುರದ ಕೆಳಗೂ ನೋಡುತ್ತೇನೆ. ಒಂದು ಪಾದ ಇನ್ನೊಂದಕ್ಕಿಂತ ಬೆಚ್ಚಗಿದ್ದರೆ ತಕ್ಷಣ ಡಾಕ್ಟರಿಗೆ ತೋರಿಸುತ್ತೇನೆ.

ಒಬ್ಬ ರೈತರ ಹೆಬ್ಬೆರಳ ಬುಡದಲ್ಲಿ ಚರ್ಮ ಜಡ್ಡುಗಟ್ಟಿತ್ತು. ‘ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ ಆಗಿದ್ದಮ್ಮ, ಬಿಡಿ’ ಅಂದರು. ಟಾರ್ಚ್ ಹಿಡಿದು ನೋಡಿದರೆ ಜಡ್ಡಿನ ಒಳಗೆ ಕಪ್ಪು ಕಲೆ. ಅದು ಒಳಗೆ ರಕ್ತ ಜಿನುಗಿದ ಗುರುತು. ಅಂಥದ್ದೇ ಮುಂದೆ ಹುಣ್ಣಾಗಿ ಒಡೆಯುತ್ತದೆ. ‘ಯಜಮಾನ್ರೇ, ಬ್ಲೇಡಿನಿಂದ ಕೆತ್ತಬೇಡಿ, ಜಡ್ಡು ಕರಗಿಸುವ ಕಾರ್ನ್ ಪ್ಲಾಸ್ಟರ್ ಹಾಕಬೇಡಿ’ ಎಂದು ಹೇಳಿ ಆವತ್ತೇ ಸರ್ಜನ್ ಹತ್ತಿರ ಕಳಿಸಿದೆ.

ಸ್ಪರ್ಶ ನೋಡುವುದು ಮಾನೋಫಿಲಮೆಂಟ್‌ನಿಂದ. ಅದೊಂದು ನೈಲಾನ್ ಎಳೆ. 10 ಗ್ರಾಂ ಒತ್ತಡ ಬಿದ್ದಾಗ ಬಾಗುತ್ತದೆ. ಮೊದಲು ರೋಗಿಯ ಕೈಗೆ ಮುಟ್ಟಿಸಿ ‘ಹೀಗೆ ಅನಿಸುತ್ತೆ ನೋಡಿ’ ಅಂತ ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ, ಹೆಬ್ಬೆರಳ ಅಡಿಗೆ, ಹೆಬ್ಬೆರಳು ಮತ್ತು ಕಿರುಬೆರಳ ಬುಡದ ಉಬ್ಬುಗಳಿಗೆ ನೇರವಾಗಿ ಒತ್ತಿ, ಬಾಗಿದ ಮೇಲೆ ಎರಡು ಸೆಕೆಂಡಿನ ಒಳಗೆ ತೆಗೆಯುತ್ತೇನೆ. ಜಡ್ಡಿನ ಮೇಲೆ ಒತ್ತಬಾರದು, ಪಕ್ಕದಲ್ಲಿ ಒತ್ತಬೇಕು. ಪ್ರತಿ ಜಾಗದಲ್ಲೂ ಮೂರು ಸಲ ಕೇಳುತ್ತೇನೆ. ಅದರಲ್ಲಿ ಒಂದು ಸಲ ಮುಟ್ಟದೆ ಸುಮ್ನೆ ‘ಈಗ?’ ಅನ್ನುತ್ತೇನೆ. ಪಾಪ, ಕೆಲವರು ನಮ್ಮನ್ನು ಖುಷಿಪಡಿಸಲು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಒಂದೇ ಜಾಗದಲ್ಲಿ ಮೂರರಲ್ಲಿ ಎರಡು ಉತ್ತರ ತಪ್ಪಿದರೆ ಅಲ್ಲಿ ಸ್ಪರ್ಶ ಹೋಗಿದೆ ಎಂದೇ ಲೆಕ್ಕ. ಒಂದೇ ದಿನ ತುಂಬಾ ಜನರಿಗೆ ಬಳಸಿದರೆ ಎಳೆ ಮೆತ್ತಗಾಗುತ್ತದೆ. ಹಾಗಾಗಿ ಎರಡು ಇಟ್ಟುಕೊಂಡು ಬದಲಾಯಿಸುತ್ತೇನೆ.

ನಾಡಿ ಎರಡು ಕಡೆ ನೋಡುತ್ತೇನೆ: ಪಾದದ ಮೇಲೆ, ಮತ್ತು ಕಾಲ್ಗಂಟಿನ ಒಳಪಕ್ಕ ಉಬ್ಬಿದ ಮೂಳೆಯ ಹಿಂದೆ. ಸಿಗದಿದ್ದರೆ ಕಾಲಿನ ರಕ್ತಸಂಚಾರ ನೋಡುವ ಡಾಪ್ಲರ್ ಪರೀಕ್ಷೆಗೆ ಬರೆಸುತ್ತೇನೆ. ಬೀಡಿ ಸೇದುವವರಾದರೆ ಇದಕ್ಕೆ ಇನ್ನಷ್ಟು ಸಮಯ ಕೊಡುತ್ತೇನೆ.

ಮತ್ತೆ ಯಾವಾಗ ಬರಬೇಕು ಅನ್ನುವುದಕ್ಕೆ ಐಡಬ್ಲ್ಯುಜಿಡಿಎಫ್ ಎಂಬ ಅಂತರರಾಷ್ಟ್ರೀಯ ತಜ್ಞರ ತಂಡದ ಲೆಕ್ಕವನ್ನೇ ಹಿಡಿಯುತ್ತೇನೆ. ಸ್ಪರ್ಶ, ರಕ್ತಸಂಚಾರ ಎರಡೂ ಸರಿಯಿದ್ದರೆ ವರ್ಷಕ್ಕೊಮ್ಮೆ. ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದರ ಜೊತೆಗೆ ಬೆರಳು, ಪಾದ ಸೊಟ್ಟಗಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಎರಡರಲ್ಲಿ ಒಂದು ಕೆಟ್ಟವರಿಗೆ ಹಿಂದೆ ಹುಣ್ಣಾಗಿದ್ದರೆ, ಬೆರಳು ತೆಗೆದಿದ್ದರೆ ಅಥವಾ ಕಿಡ್ನಿ ಪೂರ್ತಿ ಸೋತಿದ್ದರೆ 1ರಿಂದ 3 ತಿಂಗಳೊಳಗೆ ಬರಲೇಬೇಕು. ಸ್ಪರ್ಶ ಹೋದವರಿಗೆ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಬರೆಸುತ್ತೇನೆ. ಹಿಂದೆ ಪಟ್ಟಿ ಇರಲಿ, ಮನೆಯೊಳಗೂ ಹಾಕಿಕೊಳ್ಳಿ ಅನ್ನುತ್ತೇನೆ.

ಹಳ್ಳಿಗಳಲ್ಲಿ ಮಾನೋಫಿಲಮೆಂಟ್ ಸಿಗುವುದಿಲ್ಲ. ಅದಕ್ಕೆ ನಮ್ಮ ಆಶಾ ಕಾರ್ಯಕರ್ತೆಯರಿಗೆ ಬೆರಳಿನಿಂದ ಮುಟ್ಟಿ ನೋಡುವ ಇಪ್ಸ್‌ವಿಚ್ ಪರೀಕ್ಷೆ ಕಲಿಸಿದ್ದೇನೆ. ರೋಗಿ ಕಣ್ಣು ಮುಚ್ಚಿರಬೇಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ಸಾಕು, ತಿಂಗಳ ಮಾತ್ರೆಯ ದಿನದವರೆಗೆ ಕಾಯದೆ ನನ್ನ ಹತ್ತಿರ ಕರೆದುಕೊಂಡು ಬನ್ನಿ ಎಂದಿದ್ದೇನೆ.