ಮೇಕನ್ ಊರಿನ ಹಳೇ ನಿಧನ ವಾರ್ತೆ ಹುಡುಕುವವರಿಗೆ
ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಊರಿನ ಹಳಬರ ಬಗ್ಗೆ ಹುಡುಕುತ್ತಿದ್ದೀರಾ? 1826ರಲ್ಲಿ ಶುರುವಾದ 'ಟೆಲಿಗ್ರಾಫ್' ಪತ್ರಿಕೆಯ 19ನೇ ಶತಮಾನದ ಸಂಚಿಕೆಗಳು 'ಜಾರ್ಜಿಯಾ ಹಿಸ್ಟಾರಿಕ್ ನ್ಯೂಸ್‌ಪೇಪರ್ಸ್' ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹೆಂಗಸರದ್ದು ಬೇಕಿದ್ದರೆ ಗಂಡನ ಹೆಸರು ಹಾಕಿ ನೋಡಿ. ಎಷ್ಟೋ ಕಡೆ 'ಮಿಸೆಸ್' ಮುಂದೆ ಗಂಡನ ಹೆಸರಷ್ಟೇ ಇರುತ್ತದೆ. ಕಪ್ಪು ಜನರ ಸಾವು ಬಿಳಿಯರ ಪತ್ರಿಕೆಗಳಲ್ಲಿ ಬಹಳ ಸಲ ಬರುತ್ತಲೇ ಇರಲಿಲ್ಲ, ನೆನೆದರೆ ಸಂಕಟವಾಗುತ್ತದೆ. ಅವರಿಗಾಗಿ ಚರ್ಚಿನ ದಾಖಲೆ ಹುಡುಕಿ, ಮೇಕನ್‌ನಲ್ಲೇ ಇರುವ ವಾಷಿಂಗ್ಟನ್ ಮೆಮೋರಿಯಲ್ ಲೈಬ್ರರಿಯ ವಂಶಾವಳಿ ವಿಭಾಗದವರನ್ನು ಕೇಳಿ.

ಹೆಸರಾಂತರದ್ದಾದರೆ ಸತ್ತ ದಿನದ ಪತ್ರಿಕೆಗೇ ನಿಲ್ಲಬೇಡಿ. ಗಾಯಕ ಓಟಿಸ್ ರೆಡ್ಡಿಂಗ್ 1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಮೇಕನ್‌ನ ಸಿಟಿ ಆಡಿಟೋರಿಯಂನಲ್ಲಿ ಅಂತಿಮ ಪ್ರಾರ್ಥನೆ ನಡೆದದ್ದು 18ಕ್ಕೆ. ಅಂಥವರಿಗೆ ಮುಂದಿನ ಹತ್ತು ಹನ್ನೆರಡು ದಿನದ ಪುಟಗಳನ್ನೂ ತಿರುವಿ ನೋಡಿ.