ಮಕ್ಕಳ ಒಡನಾಟದ ಕೆಲಸಕ್ಕೆ ಸೇರಿಸುವ ಮುನ್ನ: ಕೊಡಗಿನಲ್ಲಿ ಲೈಂಗಿಕ ಅಪರಾಧದ ಹಿನ್ನೆಲೆ ಪರಿಶೀಲಿಸುವ ಕ್ರಮ

ಶಾಲಾ ವ್ಯಾನಿಗೆ ಹೊಸ ಚಾಲಕ, ಬೇಸಿಗೆ ಹಾಕಿ ಶಿಬಿರಕ್ಕೆ ಹೊಸ ತರಬೇತುದಾರ, ವಿದ್ಯಾರ್ಥಿನಿಲಯಕ್ಕೆ ಅಡುಗೆಯವರು, ಮನೆಪಾಠಕ್ಕೆ ಮೇಷ್ಟ್ರು ಬೇಕಾದಾಗ, ಬಂದವರ ಮೇಲೆ ಹಿಂದೆ ಲೈಂಗಿಕ ಅಪರಾಧದ ಪ್ರಕರಣವೇನಾದರೂ ಇತ್ತೇ ಎಂದು ತಿಳಿಯಬಯಸುವುದು ಸಹಜವೂ ಹೌದು, ಅಗತ್ಯವೂ ಹೌದು. ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಕೊಡಗಿನ ಅನೇಕ ಮನೆಯವರು, ಅಲ್ಲಿ ಊರಿನ ಹೆಸರು ಕೊಟ್ಟರೆ ಸುತ್ತಲಿನ ಲೈಂಗಿಕ ಅಪರಾಧಿಗಳ ಪಟ್ಟಿಯೇ ಕಾಣುತ್ತದೆ ಎಂದು ಕೇಳಿರುತ್ತಾರೆ ಮತ್ತು ಮಡಿಕೇರಿಗೋ ಗೋಣಿಕೊಪ್ಪಕ್ಕೋ ಅಂಥದೇ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ಅಂಥ ಸಾರ್ವಜನಿಕ ಪಟ್ಟಿ ನಮ್ಮ ದೇಶದಲ್ಲಿ ಇಲ್ಲ. ಇರುವುದೇನು, ಅದನ್ನು ಸಾಮಾನ್ಯರು ಯಾವ ಮಾರ್ಗದಿಂದ ತಲುಪಬಹುದು, ಸಿಕ್ಕ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಾಖಲೆ ಇದೆ, ಆದರೆ ಪೊಲೀಸರ ಕೈಯಲ್ಲಿದೆ

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು ಕೇಂದ್ರ ಗೃಹ ಸಚಿವಾಲಯವು 2018ರ ಸೆಪ್ಟೆಂಬರ್ 20ರಂದು ಆರಂಭಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಇದನ್ನು ನಿರ್ವಹಿಸುತ್ತದೆ. ಆರಂಭದ ದಿನವೇ ಅದರಲ್ಲಿ ಸುಮಾರು 4.4 ಲಕ್ಷ ನಮೂದುಗಳಿದ್ದವು. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ ಕಾಯ್ದೆಯಡಿಯ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನು) ಅಪರಾಧ, ಮಹಿಳೆಯರಿಗೆ ಕಿರುಕುಳ ಇಂಥ ಪ್ರಕರಣಗಳಲ್ಲಿ ಶಿಕ್ಷೆಗೊಳಗಾದವರ ಹೆಸರು, ವಿಳಾಸ, ಭಾವಚಿತ್ರ, ಬೆರಳಚ್ಚು ಮುಂತಾದ ವಿವರಗಳು ಅದರಲ್ಲಿವೆ. ತನಿಖೆಗೂ ಹಿನ್ನೆಲೆ ಪರಿಶೀಲನೆಗೂ ಪೊಲೀಸರು ಅದನ್ನು ಬಳಸುತ್ತಾರೆ. ಶಾಲೆಯ ಮುಖ್ಯೋಪಾಧ್ಯಾಯರಾಗಲಿ, ಎಸ್ಟೇಟ್ ಮಾಲೀಕರಾಗಲಿ, ಪೋಷಕರಾಗಲಿ ಅದನ್ನು ನೇರವಾಗಿ ತೆರೆದು ನೋಡುವಂತಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಅಮೆರಿಕದಲ್ಲಿ ಅಪರಾಧಿಯೇ ಹಾಜರಾಗಿ ತನ್ನ ವಿಳಾಸವನ್ನು ನೋಂದಾಯಿಸಬೇಕಾದರೆ, ನಮ್ಮಲ್ಲಿ ದಾಖಲಿಸುವ ಕೆಲಸವೆಲ್ಲ ಪೊಲೀಸರದು; ಬಿಡುಗಡೆಯಾದವನು ಮನೆ ಬದಲಿಸಿದಾಗಲೆಲ್ಲ ತಿಳಿಸಬೇಕೆಂಬ ಸಾಮಾನ್ಯ ಕಟ್ಟಳೆ ಇಲ್ಲ. ಅದಕ್ಕೆ ಸ್ವಲ್ಪ ಹತ್ತಿರದ್ದೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 394ನೇ ಕಲಂ. ಕೆಲವು ಬಗೆಯ ಗಂಭೀರ ಅಪರಾಧಗಳಲ್ಲಿ ಒಮ್ಮೆ ಶಿಕ್ಷೆಯಾದವನಿಗೆ ಮತ್ತೆ ಅಂಥದೇ ಅಪರಾಧದಲ್ಲಿ ಶಿಕ್ಷೆ ವಿಧಿಸುವಾಗ, ಬಿಡುಗಡೆಯ ನಂತರ 5 ವರ್ಷ ಮೀರದ ಅವಧಿಗೆ ವಾಸಸ್ಥಳವನ್ನೂ ಅದರ ಬದಲಾವಣೆಯನ್ನೂ ತಿಳಿಸುವಂತೆ ನ್ಯಾಯಾಲಯ ಆದೇಶಿಸಬಹುದು. ಆ ಮಾಹಿತಿಯೂ ಊರಿನವರಿಗಾಗಿ ಪ್ರಕಟವಾಗುವುದಿಲ್ಲ. ಆದ್ದರಿಂದ ಕೊಡಗಿನಲ್ಲಿ ಹಿನ್ನೆಲೆ ತಿಳಿಯಲು ಉಳಿದಿರುವ ಭರವಸೆಯ ಮಾರ್ಗ ಪೊಲೀಸ್ ವೆರಿಫಿಕೇಷನ್ ಒಂದೇ.

ಪೊಲೀಸ್ ವೆರಿಫಿಕೇಷನ್ ಮಾಡಿಸುವುದು

2020ರ ಪೋಕ್ಸೊ ನಿಯಮಗಳ 3ನೇ ನಿಯಮವನ್ನು ಪ್ರತಿಯೊಂದು ಆಡಳಿತ ಮಂಡಳಿಯೂ ಓದಿರಲೇಬೇಕು. ಮಕ್ಕಳು ವಾಸವಿರುವ ಅಥವಾ ಮಕ್ಕಳೊಂದಿಗೆ ನಿತ್ಯದ ಸಂಪರ್ಕವಿರುವ ಯಾವುದೇ ಸಂಸ್ಥೆ, ಅಂದರೆ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ ಮುಂತಾದವು, ಮಗುವಿನ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನೂ ಹಿನ್ನೆಲೆ ತಪಾಸಣೆಯನ್ನೂ ಕಾಲಕಾಲಕ್ಕೆ ಮಾಡಿಸಬೇಕೆಂದು ಅದು ಹೇಳುತ್ತದೆ. ಬೋಧಕರು, ಬೋಧಕೇತರರು, ಖಾಯಂ, ಗುತ್ತಿಗೆ ಎಂಬ ಭೇದ ಅದರಲ್ಲಿಲ್ಲ. ಗುತ್ತಿಗೆದಾರರು ಕಳುಹಿಸಿದ ಚಾಲಕ ನಮ್ಮ ನೌಕರನಲ್ಲ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಹಾಕಿ ಕಲಿಸುವವರ ಬಗ್ಗೆ ಕೊಡಗಿನಲ್ಲಿ ಸಹಜವಾಗಿಯೇ ತುಂಬ ಗೌರವವಿದೆ. ಆ ಗೌರವಕ್ಕಾಗಿ ಶಿಬಿರ ನಡೆಸುವವರು ಈ ಕೆಲಸವನ್ನು ಬಿಡಬಾರದು. ನಿಯಮವು ಕ್ರೀಡಾ ಅಕಾಡೆಮಿಯನ್ನು ಹೆಸರಿಟ್ಟೇ ಸೇರಿಸಿದೆ. ಮನೆಗೆಲಸಕ್ಕೋ ಮನೆಪಾಠಕ್ಕೋ ಒಬ್ಬರನ್ನು ಇಟ್ಟುಕೊಳ್ಳುವ ಕುಟುಂಬಕ್ಕೆ ಈ ನಿಯಮ ಅನ್ವಯಿಸದಿದ್ದರೂ, ಅವರೂ ಇದೇ ಸೇವೆಯನ್ನು ಪಡೆಯಬಹುದು.

ಅರ್ಜಿಯನ್ನು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ, ಪೊಲೀಸ್ ಇಲಾಖೆಯ ಸೇವೆಗಳ ಅಡಿಯಲ್ಲಿ ಸಲ್ಲಿಸಬೇಕು. ಉದ್ಯೋಗಕ್ಕಾಗಿ ಪರಿಶೀಲನೆ, ಮನೆಗೆಲಸದವರ ಪರಿಶೀಲನೆ, ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಎಂದು ಬೇರೆ ಬೇರೆ ಸೇವೆಗಳಿರುವುದರಿಂದ ಯಾವುದು ತಮಗೆ ಹೊಂದುತ್ತದೆ ಎಂದು ನೋಡಿ ಆರಿಸಿಕೊಳ್ಳಬೇಕು. ಇಂಟರ್ನೆಟ್ ನಿಲ್ಲದ ಊರುಗಳವರು ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಬಹುದು, ಇಲ್ಲವೇ ನೇರವಾಗಿ ತಮ್ಮ ಠಾಣೆಗೆ ಹೋಗಿ ಕೇಳಬಹುದು. ಅರ್ಜಿಗೂ ಮೊದಲು ಸಂಬಂಧಪಟ್ಟ ವ್ಯಕ್ತಿಗೆ ವಿಷಯವನ್ನು ತಿಳಿಸಿ, ಲಿಖಿತ ಒಪ್ಪಿಗೆ ಪಡೆದು, ಭಾವಚಿತ್ರ ಮತ್ತು ಗುರುತಿನ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಒಪ್ಪಿಗೆ ಕೇಳುವುದನ್ನು ಅವಮಾನವೆಂದು ಯಾರೂ ತಿಳಿಯದಂತೆ ಎಲ್ಲರಿಗೂ ಒಂದೇ ನಮೂನೆಯನ್ನು ಕೊಡಬೇಕು.

ಅರ್ಜಿಯಲ್ಲಿ ಅತ್ಯಂತ ಎಚ್ಚರ ಬೇಕಾಗುವುದು ಹೆಸರು ಮತ್ತು ವಿಳಾಸಗಳಲ್ಲಿ. ಹುಡುಕಾಟ ನಡೆಯುವುದು ಕಂಪ್ಯೂಟರಿನ ದಾಖಲೆಯಲ್ಲಿ. ಅಲ್ಲಿ ಒಂದಕ್ಷರ ಬದಲಾದರೂ ವ್ಯಕ್ತಿ ತಪ್ಪಿಹೋಗಬಹುದು. ಕೊಡವರ ಮನೆತನದ ಹೆಸರನ್ನು ಕೆಲವರು ಪೂರ್ತಿ ಬರೆಯುತ್ತಾರೆ, ಕೆಲವರು ಇನಿಷಿಯಲ್ ಮಾತ್ರ ಹಾಕುತ್ತಾರೆ. ತೋಟದ ಕೆಲಸಕ್ಕೆ ಬಂದ ಅಸ್ಸಾಂ, ಜಾರ್ಖಂಡ್ ಕಡೆಯವರ ಹೆಸರನ್ನು ಇಲ್ಲಿನ ರೈಟರುಗಳು (ತೋಟದ ಗುಮಾಸ್ತರು) ಕಿವಿಗೆ ಕೇಳಿದಂತೆ ಬರೆದುಕೊಂಡಿರುತ್ತಾರೆ. ಆಧಾರ್‌ನಲ್ಲಿ ಇರುವಂತೆಯೇ ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಬಳಕೆಯಲ್ಲಿರುವ ಬೇರೆ ಹೆಸರು ಇವೆಲ್ಲವನ್ನೂ ಕೊಡಬೇಕು. ಈಗಿನ ವಿಳಾಸದ ಜೊತೆಗೆ ಹುಟ್ಟೂರಿನ ವಿಳಾಸವನ್ನೂ, ಹಿಂದೆ ಕೆಲಸ ಮಾಡಿದ ಊರುಗಳನ್ನೂ ಸೇರಿಸಬೇಕು. ಕಳೆದ ತಿಂಗಳು ಸಿದ್ದಾಪುರಕ್ಕೆ ಬಂದವನ ಬಗ್ಗೆ ಸಿದ್ದಾಪುರ ಠಾಣೆಯಲ್ಲಿ ವಿಚಾರಿಸಿ ತಿಳಿಯುವಂಥದ್ದು ಬಹಳ ಕಡಿಮೆ. ಅವನು ಹತ್ತು ವರ್ಷ ಇದ್ದ ಊರಿನ ಠಾಣೆಯಿಂದ ಬರುವ ಉತ್ತರಕ್ಕೇ ಹೆಚ್ಚು ತೂಕ.

ವರದಿ ಕೈಸೇರಿದಾಗ ಅದನ್ನು ಸಾಲುಸಾಲಾಗಿ ಓದಬೇಕು. ಯಾವ ಠಾಣೆಯ ದಾಖಲೆ ನೋಡಿ ಕೊಟ್ಟದ್ದು, ಯಾವ ದಿನಾಂಕದವರೆಗೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಪ್ರತಿಕೂಲ ಮಾಹಿತಿ ಇಲ್ಲ ಎಂದರೆ ದಾಖಲೆಯಲ್ಲಿ ಇಲ್ಲ ಎಂದಷ್ಟೇ ಅರ್ಥ. ದೂರು ದಾಖಲಾಗದೆ ಮುಚ್ಚಿಹೋದ ಸಂಗತಿಗಳು ಅದರಲ್ಲಿ ಬರಲಾರವು. ಅಪ್ರಾಪ್ತ ವಯಸ್ಸಿನಲ್ಲಿ ನಡೆದು ಮುಗಿದ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿರ್ಬಂಧಿಸಿದೆ. ಹೀಗಾಗಿ ವರದಿಯ ಜೊತೆಗೆ ಹಿಂದಿನ ಕೆಲಸದ ಕಡೆಗೆ ಸ್ವತಃ ಫೋನ್ ಮಾಡಿ ಮಾತಾಡುವುದನ್ನು ನಾನು ಕಡ್ಡಾಯವೆಂದೇ ಭಾವಿಸುತ್ತೇನೆ. ಒಳ್ಳೆಯವರೇ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ಏಕೆ ಕೆಲಸ ಬಿಟ್ಟರು, ಮಕ್ಕಳೊಂದಿಗೆ ಒಬ್ಬರೇ ಇರುವ ಕೆಲಸ ಕೊಟ್ಟಿದ್ದಿರಾ, ಈಗ ಮತ್ತೆ ಅದೇ ಕೆಲಸಕ್ಕೆ ತೆಗೆದುಕೊಳ್ಳುವಿರಾ ಎಂದು ಕೇಳಿದರೆ, ಎದುರಿನವರ ಮೌನದಿಂದಲೂ ಏನಾದರೂ ತಿಳಿಯುತ್ತದೆ.

ಲೈನ್ ಮನೆಗಳ ವಿಷಯ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮೇಸ್ತ್ರಿಯೊಬ್ಬರ ಮೂಲಕ ಹೊರ ರಾಜ್ಯಗಳ ಕುಟುಂಬಗಳು ಒಟ್ಟಿಗೆ ಬಂದು, ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಇಳಿಯುತ್ತವೆ. ತಂದೆ ತಾಯಿ ತೋಟಕ್ಕೆ ಹೋದ ಮೇಲೆ ಮಕ್ಕಳು ಲೈನಿನಲ್ಲೇ ಉಳಿಯುತ್ತಾರೆ. ಕೆಲಸಗಾರರ ಹೆಸರು, ಊರು, ಗುರುತಿನ ಚೀಟಿಯ ಪಟ್ಟಿಯನ್ನು ಮೇಸ್ತ್ರಿಯಿಂದ ಮೊದಲ ದಿನವೇ ಪಡೆದು ಠಾಣೆಗೆ ಕೊಡುವುದು ಉಪಯುಕ್ತ. ಆದರೆ ಈ ಪರಿಶೀಲನೆಯನ್ನು ಹೊರಗಿನವರ ಮೇಲಿನ ಗುಮಾನಿಯನ್ನಾಗಿ ಮಾಡುವುದು ಅನ್ಯಾಯ, ಜೊತೆಗೆ ಅಪಾಯ ಕೂಡ. ಪೋಕ್ಸೊ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಮೊದಲೇ ಪರಿಚಿತರು ಎಂದು ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳು ತೋರಿಸುತ್ತ ಬಂದಿವೆ. ನೆಂಟರು, ನೆರೆಯವರು, ಕುಟುಂಬದ ಸ್ನೇಹಿತರು, ಕೆಲಸ ಕೊಟ್ಟವರು ಎಲ್ಲರೂ ಆ ಪರಿಚಿತರಲ್ಲಿ ಸೇರುತ್ತಾರೆ. ಲೈನಿನ ಮಗುವಿಗೆ ರೈಟರಿಂದಲೋ ಮಾಲೀಕರ ಕಡೆಯವರಿಂದಲೋ ತೊಂದರೆಯಾದರೆ ಅದನ್ನು ಹೇಳಿಕೊಳ್ಳಲು ಆ ಕುಟುಂಬಕ್ಕೆ ಭಾಷೆಯೂ ಇರುವುದಿಲ್ಲ, ಧೈರ್ಯವೂ ಇರುವುದಿಲ್ಲ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಲೈನಿನ ಗೋಡೆಯ ಮೇಲೆ ಹಿಂದಿಯಲ್ಲೂ ಅಸ್ಸಾಮಿಯಲ್ಲೂ ಬರೆಸುವುದು ಹೆಚ್ಚು ಖರ್ಚಿನ ಕೆಲಸವಲ್ಲ.

ಇಂಟರ್ನೆಟ್‌ನಲ್ಲಿ ತಾವೇ ಹುಡುಕುವುದಾದರೆ

ಇ-ಕೋರ್ಟ್ಸ್ ಜಾಲತಾಣದಲ್ಲಿ ಕರ್ನಾಟಕ, ಕೊಡಗು, ನಂತರ ಮಡಿಕೇರಿ ಅಥವಾ ವಿರಾಜಪೇಟೆಯಂಥ ನ್ಯಾಯಾಲಯ ಸಂಕೀರ್ಣವನ್ನು ಆರಿಸಿ, ಪಕ್ಷಕಾರರ ಹೆಸರು ಮತ್ತು ವರ್ಷ ನೀಡಿದರೆ ಪ್ರಕರಣಗಳ ಸ್ಥಿತಿ ಕಾಣುತ್ತದೆ. ಬಾಕಿ ಇರುವವು, ಇತ್ಯರ್ಥವಾದವು ಎರಡನ್ನೂ ಪ್ರತ್ಯೇಕವಾಗಿ ನೋಡಬೇಕು. ಆದರೂ ಲೈಂಗಿಕ ಅಪರಾಧಗಳ ಮಟ್ಟಿಗೆ ಇದು ದುರ್ಬಲ ಸಾಧನ. ಸಂತ್ರಸ್ತರ ಗುರುತು ಕಾಪಾಡಲು ಇಂಥ ಪ್ರಕರಣಗಳ ಹೆಸರು, ಆದೇಶಗಳನ್ನು ಮರೆಮಾಡಿರುವುದುಂಟು. ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದಾಗಲೂ ಲೈಂಗಿಕ ಅಪರಾಧ ಮತ್ತು ಪೋಕ್ಸೊ ಪ್ರಕರಣಗಳನ್ನು ಹೊರಗಿಟ್ಟಿತು. ಹೆಸರು ಕಂಡರೂ ಅದು ಅದೇ ವ್ಯಕ್ತಿಯೇ, ಇನ್ನೊಬ್ಬನೇ, ಶಿಕ್ಷೆಯಾಯಿತೇ, ಖುಲಾಸೆಯಾಯಿತೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು.

ಹುಡುಕಿ ಸಿಕ್ಕದ್ದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಸಲ್ಲದು. ಸಾಬೀತಾಗದ ಆರೋಪವನ್ನು ಹರಡಿದರೆ ಮಾನನಷ್ಟದ ಮೊಕದ್ದಮೆ ಎದುರಿಸಬೇಕಾಗಬಹುದು. ಅದಕ್ಕಿಂತಲೂ ಗಂಭೀರವಾದದ್ದು ಮಗುವಿನ ಗುರುತು. ನಮ್ಮಂಥ ಪುಟ್ಟ ಜಿಲ್ಲೆಯಲ್ಲಿ ಆರೋಪಿಯ ಮನೆತನ, ತೋಟದ ಹೆಸರು ಹೇಳಿದರೆ ಸಾಕು, ಮಗು ಯಾರದೆಂದು ಸಂಜೆಯೊಳಗೆ ಊರಿಗೇ ತಿಳಿದಿರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಸಂತ್ರಸ್ತರ ಗುರುತು ಬಯಲುಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಮಕ್ಕಳು ವಿದೇಶದಲ್ಲಿದ್ದರೆ

ಅಮೆರಿಕದಲ್ಲಿ ಮನೆ ಹುಡುಕುತ್ತಿರುವ ಅಥವಾ ಮಗುವಿಗೆ ಆಯಾ ನೋಡುತ್ತಿರುವ ಕುಟುಂಬಗಳು ಅಲ್ಲಿನ ನ್ಯಾಯಾಂಗ ಇಲಾಖೆಯ, ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಸಾರ್ವಜನಿಕ ಜಾಲತಾಣವನ್ನು ಉಚಿತವಾಗಿ ಬಳಸಬಹುದು. ಅಲ್ಲಿ ಹೆಸರಿನಿಂದಲೂ ವಿಳಾಸದಿಂದಲೂ ಹುಡುಕಬಹುದು. ಅದು ಎಲ್ಲ ರಾಜ್ಯಗಳ ನೋಂದಣಿ ಪಟ್ಟಿಗಳನ್ನು ಒಟ್ಟಿಗೆ ಜಾಲಾಡಿ, ವಿವರಗಳಿಗೆ ಆಯಾ ರಾಜ್ಯದ ಪುಟಕ್ಕೆ ಕಳುಹಿಸುತ್ತದೆ. 1996ರ ಮೇಗನ್ಸ್ ಕಾನೂನು ಸಾರ್ವಜನಿಕರಿಗೆ ಮಾಹಿತಿ ನೀಡುವುದನ್ನು ಕಡ್ಡಾಯಗೊಳಿಸಿತು. 2006ರ ಆ್ಯಡಮ್ ವಾಲ್ಶ್ ಕಾಯ್ದೆಯು ಅಪರಾಧಿಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿತು: ಮೊದಲನೆಯವರು 15 ವರ್ಷ, ಎರಡನೆಯವರು 25 ವರ್ಷ, ಮೂರನೆಯವರು ಜೀವನಪೂರ್ತಿ ನೋಂದಣಿಯಲ್ಲಿರಬೇಕು ಮತ್ತು ಕ್ರಮವಾಗಿ ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಖುದ್ದಾಗಿ ಹಾಜರಾಗಬೇಕು. ರಾಜ್ಯಗಳ ನಡುವೆ ವ್ಯತ್ಯಾಸಗಳಿವೆ, ನೋಂದಾಯಿತರೆಲ್ಲರೂ ಸಾರ್ವಜನಿಕ ಪುಟದಲ್ಲಿ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ನೋಂದಣಿ ಇದ್ದರೂ ಪಟ್ಟಿ ಸಾರ್ವಜನಿಕವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರಾಳ ಕಾನೂನು ಎಂದು ಕರೆಯಲಾಗುವ ಯೋಜನೆಯಡಿ, ಮಗುವಿನ ಹತ್ತಿರ ಬರುವ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಪೊಲೀಸರನ್ನು ವಿಚಾರಿಸಬಹುದು.

ಸಂಶಯ ನಿಜವೆನಿಸಿದಾಗ

ಮಗುವಿನ ಮೇಲೆ ಅಪರಾಧ ನಡೆದಿದೆ ಅಥವಾ ನಡೆಯಬಹುದು ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯ್ದೆಯ 19ನೇ ಕಲಂ ವಿಧಿಸುತ್ತದೆ. ಮುಚ್ಚಿಟ್ಟವರಿಗೆ 21ನೇ ಕಲಮಿನಡಿ 6 ತಿಂಗಳವರೆಗೆ, ತನ್ನ ಕೈಕೆಳಗಿನವರ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸೆರೆವಾಸವಿದೆ. ಶಾಲೆಯ ಆಂತರಿಕ ವಿಚಾರಣೆ ಮುಗಿಯಲಿ, ಊರಿನ ಹಿರಿಯರು ಕೂತು ಮಾತಾಡಲಿ ಎಂದು ಕಾಯುವ ಅವಕಾಶ ಕಾನೂನಿನಲ್ಲಿಲ್ಲ. 112 ಅಥವಾ 1098ಕ್ಕೆ ಕರೆ ಮಾಡಬಹುದು. ಮಡಿಕೇರಿಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೂ ಮಕ್ಕಳ ಕಲ್ಯಾಣ ಸಮಿತಿಯನ್ನೂ ಸಂಪರ್ಕಿಸಬಹುದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸುವ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ದಾಖಲಿಸಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವಕೀಲರ ನೆರವಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಅದರ ಸಹಾಯವಾಣಿ 15100. ಠಾಣೆಯಲ್ಲಿ ದೂರು ದಾಖಲಿಸಲು ಒಪ್ಪದಿದ್ದರೆ ಅದರ ಸಾರಾಂಶವನ್ನು ಬರೆದು ಅಂಚೆಯ ಮೂಲಕ ಮಡಿಕೇರಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳುಹಿಸಿ, ಅಂಚೆ ರಸೀದಿಯನ್ನು ಜೋಪಾನವಾಗಿಡಬೇಕು. ಅಲ್ಲಿಯೂ ಕ್ರಮವಾಗದಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವಾಗ ಆ ರಸೀದಿಯನ್ನು ಲಗತ್ತಿಸಬೇಕಾಗುತ್ತದೆ.