10 ಸೆಂ.ಮೀ. ಹಲಗೆ ಹಿಡಿದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಹುಡುಕಿದ ಬಗೆ

ನನ್ನ ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಮಂಡ್ಯದಲ್ಲಿ. ಹೋಗಿ ಬರಲು ದಿನಕ್ಕೆ ಸುಮಾರು 90 ಕಿ.ಮೀ. ಆಗುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ, ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದ ಸ್ಪೋರ್ಟ್ಸ್ ಕಾರಿನ ಆಸೆಗೆ ಮತ್ತೆ ಜೀವ ಬಂತು. ಆದರೆ ನನಗೆ ಬೇಕಾಗಿದ್ದದ್ದು ಭಾನುವಾರ ಒರೆಸಿ ನಿಲ್ಲಿಸುವ ಕಾರಲ್ಲ. ದಿನವೂ ಕೆಲಸಕ್ಕೆ ಹೋಗಿ ಬರಬೇಕು, ರಜೆಯಲ್ಲಿ ಕೊಡಗು, ನೀಲಗಿರಿಯ ಕಡೆಗೂ ಓಡಬೇಕು.

ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ 100 ಕಿ.ಮೀ. ಇರುವಾಗ ಅಶ್ವಶಕ್ತಿಯ ಲೆಕ್ಕ ಹಾಕುತ್ತ ಕೂರುವುದರಲ್ಲಿ ಅರ್ಥವಿಲ್ಲ ಎಂದು ನನಗೆ ಬೇಗನೆ ಅನ್ನಿಸಿತು. ಕಾರು ಹೆದ್ದಾರಿಯನ್ನು ತಲುಪುವ ಮೊದಲು ನಮ್ಮ ಬೀದಿಯ ಹಂಪ್ಸ್ ದಾಟಬೇಕಲ್ಲ! ಆದ್ದರಿಂದ ಒಂದು ಬೆಳಿಗ್ಗೆ ಟೇಪು, ದಾರ ಹಿಡಿದು ಆ ಉಬ್ಬುಗಳನ್ನೇ ಅಳೆದೆ. ನೋಡಲು ಗುಡ್ಡದಂತಿದ್ದ, ನಿವಾಸಿಗಳೇ ಹಾಕಿಸಿದ ಉಬ್ಬಿನ ಎತ್ತರ ಕೇವಲ 9 ಸೆಂ.ಮೀ. ಇತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಉಬ್ಬು ಇದಕ್ಕಿಂತ ಎತ್ತರ, 10 ಸೆಂ.ಮೀ.; ಆದರೆ ಅದು 3.7 ಮೀಟರ್ ಅಗಲಕ್ಕೆ ನಿಧಾನವಾಗಿ ಏರಿ ಇಳಿಯುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರವಿರುವ ಕಾರು ಅಂಥ ಉಬ್ಬಿನ ಮೇಲೇರಿ ನಿಂತಾಗ ಹೊಟ್ಟೆಯ ಕೆಳಗೆ 5 ಸೆಂ.ಮೀ. ಜಾಗವಿದ್ದರೂ ಸಾಕು. ನಮ್ಮ ಬೀದಿಯದು 80 ಸೆಂ.ಮೀ. ಅಗಲದ್ದಾದ್ದರಿಂದ ಇಡೀ ಉಬ್ಬು ಚಕ್ರಗಳ ನಡುವೆ ಬಂದು ನಿಲ್ಲುತ್ತದೆ, ಪೂರ್ತಿ 9 ಸೆಂ.ಮೀ. ಹೊಟ್ಟೆಗೇ ತಾಗುತ್ತದೆ. ಹೆಚ್ಚಿಗೆ ಒಂದು ಸೆಂಟಿಮೀಟರ್ ಸೇರಿಸಿ, ಬಡಗಿಯ ಬಳಿ 10 ಸೆಂ.ಮೀ. ಎತ್ತರದ ಹಲಗೆಯೊಂದನ್ನು ಕೊಯ್ಯಿಸಿಕೊಂಡೆ. ಆಮೇಲೆ ನೋಡಿದ ಪ್ರತಿಯೊಂದು ಕಾರಿನಡಿಗೂ, ಒಳಗೆ ಜನರನ್ನು ಕೂರಿಸಿ, ಆ ಹಲಗೆಯನ್ನು ಸರಿಸಿ ನೋಡಿದ್ದೇನೆ.

ಮೊದಲು ನೋಡಿದ್ದು ಬಿಎಂಡಬ್ಲ್ಯು ಜೆಡ್4. ಮಡಚುವ ಲೋಹದ ಚಾವಣಿಯ ಆ ಕಾರು ಬಹಳ ಚೆಂದವಿತ್ತು. ಆದರೆ ಹಿಂದಿನ ಮಾಲೀಕರು ಸ್ಪ್ರಿಂಗ್ ಬದಲಾಯಿಸಿ ಕಾರನ್ನು ತಗ್ಗಿಸಿದ್ದರಿಂದ, ನಾವಿಬ್ಬರು ಕೂತ ಕೂಡಲೇ ಹಲಗೆ ಒಳಗೆ ಹೋಗಲಿಲ್ಲ. ಬದಿ ಗಟ್ಟಿಯಾಗಿರುವ ರನ್‌ಫ್ಲ್ಯಾಟ್ ಟಯರುಗಳೂ ನಮ್ಮ ಗುಂಡಿಗಳಿಗೆ ಹೊಂದುವುದಿಲ್ಲ. ಅಲ್ಲಿಂದ ಮುಂದೆ ಆಡಿ ಟಿಟಿಯ ಮೂರನೆಯ ಪೀಳಿಗೆಯ ಮೇಲೆ ಕಣ್ಣಿಟ್ಟೆ. ಎರಡು ಲೀಟರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ, ಮಗಳು ಕೂರಬಹುದಾದ ಪುಟ್ಟ ಹಿಂದಿನ ಸೀಟು, ಆ ಸೀಟು ಮಡಚಿದರೆ 305 ಲೀಟರಿನಿಂದ 712 ಲೀಟರಿಗೆ ಹಿಗ್ಗುವ ಡಿಕ್ಕಿ, ಇವೆಲ್ಲ ನನ್ನ ಅಗತ್ಯಕ್ಕೆ ಸರಿಹೊಂದಿದವು.

ಬೆಂಗಳೂರಿನ ಮಾರಾಟಗಾರರೊಬ್ಬರಲ್ಲಿ ನೋಡಿದ ಮೊದಲ ಟಿಟಿ ಮಾರುಕಟ್ಟೆ ಬೆಲೆಗಿಂತ ಮೂರು ಲಕ್ಷ ಅಗ್ಗವಾಗಿತ್ತು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಎಂಜಿನ್ ಕಡೆಗೆ ತಿರುಗಿಯೂ ನೋಡದೆ, "ಸಾರ್, ಸೀಟ್ ಬೆಲ್ಟ್ ಪೂರ್ತಿ ಎಳೀರಿ, ಕೊನೇವರೆಗೂ" ಎಂದರು. ಎಳೆದೆ. ದಿನನಿತ್ಯ ಯಾರೂ ಎಳೆಯದಷ್ಟು ಒಳಗಿದ್ದ ಪಟ್ಟಿಯ ಮೇಲೆ, ಬೆರಳಗಲದ ಕಂದು ಗೆರೆಯೊಂದು ಅಡ್ಡಲಾಗಿ ಕೂತಿತ್ತು. ಉಗುರಿನಿಂದ ಕೆರೆದರೆ ನಯವಾದ ಮಣ್ಣು ಉದುರಿತು. ಡಿಕ್ಕಿಯ ಹಾಸನ್ನು ಎತ್ತಿದಾಗ ಬೋಲ್ಟುಗಳ ತಲೆಗಳು ತುಕ್ಕು ಹಿಡಿದಿದ್ದವು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರಿನ ಕಡೆ ದುಬಾರಿ ಕಾರುಗಳು ನೀರಿನಲ್ಲಿ ನಿಂತಿದ್ದ ಚಿತ್ರಗಳು ಕಣ್ಮುಂದೆ ಬಂದವು. ಒಳಗೆಲ್ಲ ವೈರಿಂಗ್ ತುಂಬಿರುವ ಇಂಥ ಕಾರು ಒಮ್ಮೆ ಮುಳುಗಿತೆಂದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ದೆಹಲಿಯ ಒಂದು ಕಾರೂ ಅಗ್ಗವಾಗಿ ಕಂಡಿತ್ತು. ಅಲ್ಲಿಂದ ಎನ್‌ಒಸಿ ತಂದು ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಶೇ. 18 ಇರುವ ಆ ದರ ಕಾರಿನ ವಯಸ್ಸಿಗೆ ತಕ್ಕಂತೆ ಇಳಿದರೂ, ಉಳಿಯುವುದೇನೂ ಇಲ್ಲ ಎಂದು ಲೆಕ್ಕದಲ್ಲಿ ಕಂಡು ಬಿಟ್ಟುಬಿಟ್ಟೆ.

ಕೊನೆಗೆ ಸಿಕ್ಕಿದ್ದು ಒಬ್ಬರೇ ಮಾಲೀಕರ ಕೈಯಲ್ಲಿದ್ದ, ಕರ್ನಾಟಕದಲ್ಲೇ ನೋಂದಣಿಯಾದ, 34,000 ಕಿ.ಮೀ. ಓಡಿದ 2016ರ ಟಿಟಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕೆಂದು ಬೆಳಿಗ್ಗೆ ಏಳಕ್ಕೆಲ್ಲ ಅವರ ಮನೆ ತಲುಪಿ, ಬಾನೆಟ್ ಮುಟ್ಟಿ ನೋಡಿದ ಮೇಲೆಯೇ ಕೀ ಕೇಳಿದೆ. ಪೇಂಟಿನ ದಪ್ಪ ಅಳೆಯುವ ಮೀಟರು ಬಹುತೇಕ ಎಲ್ಲ ಕಡೆ 110ರಿಂದ 140 ಮೈಕ್ರಾನ್ ತೋರಿಸಿತು. ಎಡಗಡೆಯ ಬಾಗಿಲಿನಲ್ಲಿ ಮಾತ್ರ 260 ಇತ್ತು. ಗೇಟಿಗೆ ಉಜ್ಜಿದ್ದಕ್ಕೆ ಪೇಂಟ್ ಮಾಡಿಸಿದ್ದಾಗಿ ಅವರು ಕೇಳುವ ಮೊದಲೇ ಹೇಳಿದ್ದರಿಂದ ನಂಬಿಕೆ ಬಂತು. ಮೀಟರು ತಿರುಗಿಸಿಲ್ಲ ತಾನೇ ಎಂದು ತಿಳಿಯಲು, ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ, ಹಳೆಯ ದೋಷಸಂಕೇತಗಳ ಜೊತೆ ದಾಖಲಾಗಿದ್ದ ಕಿಲೋಮೀಟರುಗಳನ್ನು ಸರ್ವಿಸ್ ಪುಸ್ತಕದೊಂದಿಗೆ ತಾಳೆ ನೋಡಿದೆವು. ನನ್ನ ಹಲಗೆ, ಮೂವರು ಕೂತಿದ್ದಾಗಲೂ, ಕಿರುಬೆರಳ ದಪ್ಪದ ಸಂದು ಉಳಿಸಿ ಸರಿಯಿತು.

ಟಯರುಗಳು ಹೆಚ್ಚು ಸವೆದಿರಲಿಲ್ಲ. ಆದರೆ ಬದಿಯ ನಾಲ್ಕಂಕಿ 4915 ಎಂದಿತ್ತು, ಅಂದರೆ 2015ರ 49ನೆಯ ವಾರದಲ್ಲಿ ತಯಾರಾದವು. ಏಳೂವರೆ ವರ್ಷದ ರಬ್ಬರು ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಕೊಡುವುದಿಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಎರಡನ್ನೇ ಬದಲಾಯಿಸಿದರೆ ಸುತ್ತಳತೆ ವ್ಯತ್ಯಾಸವಾಗಿ, ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಹಾಲ್ಡೆಕ್ಸ್ ಕ್ಲಚ್ ಸುಮ್ಮನೆ ದುಡಿಯುತ್ತಿರುತ್ತದೆ. ಆದ್ದರಿಂದ ನಾಲ್ಕು ಟಯರುಗಳ ಬೆಲೆಯನ್ನು ಮುಂದಿಟ್ಟು ಚೌಕಾಸಿ ಮಾಡಿದೆ, ಅವರೂ ಒಪ್ಪಿದರು. ಹಾಲ್ಡೆಕ್ಸ್ ಎಣ್ಣೆ ಬದಲಾಗಿದ್ದ ದಾಖಲೆ ಎಲ್ಲೂ ಇರಲಿಲ್ಲ. ಮನೆಗೆ ತಂದ ವಾರವೇ ಎಣ್ಣೆ ಹಾಕಿಸುವಾಗ ಪಂಪಿನ ಜಾಲರಿಯನ್ನೂ ಬಿಚ್ಚಿಸಿದೆ. ಕಪ್ಪು ಕೆಸರು ಅರ್ಧ ಜಾಲರಿಯನ್ನು ಮುಚ್ಚಿತ್ತು. ಎಣ್ಣೆ ಮಾತ್ರ ಬದಲಾಯಿಸಿ ಜಾಲರಿಯನ್ನು ಹಾಗೇ ಬಿಡುವವರೇ ಹೆಚ್ಚು, ಹಾಗಾಗಿ ಪಂಪು ಸುಟ್ಟುಹೋಗುತ್ತದೆ. ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35, ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30, ಇವೆಲ್ಲಕ್ಕೂ ಸಹಿ ಬಿದ್ದ ಮೇಲೆಯೇ ಪೂರ್ತಿ ಹಣ ಕೊಟ್ಟೆ.

ಕಾರು ಬಂದ ದಿನ ಅಪ್ಪ ಒಂದು ಸುತ್ತು ಬಂದು, ಇಳಿಯುವಾಗ "ಕೂತ್ಕೊಳ್ಳೋದೇನೋ ಆಯ್ತು ಕಣಪ್ಪಾ, ಏಳೋದಕ್ಕೆ ಒಂದು ಕೈ ಕೊಡು" ಎಂದರು. ಅವರ ಮಂಡಿನೋವನ್ನು ನಾನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಮಾರಬೇಕೆಂದಿದ್ದ ಹಳೆಯ ಮಾರುತಿಯನ್ನು ಅವರಿಗಾಗಿಯೇ ಉಳಿಸಿಕೊಂಡೆವು.

ದಿನದ ಓಡಾಟದಲ್ಲಿ ಲೀಟರಿಗೆ 12 ಕಿ.ಮೀ. ಬರುತ್ತದೆ, 95 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತೇನೆ. ಎಚ್ಚರ ಬೇಕಾಗುವುದು ಕಬ್ಬು ಅರೆಯುವ ಕಾಲದಲ್ಲಿ: ಮಂಡ್ಯದ ಒಳರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಕ್ಟರಿನ ಹಿಂದೆ ಇಷ್ಟು ತಗ್ಗಿನಲ್ಲಿ ಕೂತವನಿಗೆ ಜಲ್ಲೆಗಳಲ್ಲದೆ ಬೇರೇನೂ ಕಾಣುವುದಿಲ್ಲ, ಅಂತರ ಬಿಟ್ಟೇ ಓಡಿಸಬೇಕು. ಆದರೆ ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಮೊದಲ ಬಾರಿ ಇಳಿದು ಹತ್ತಿದ ದಿನ, ಒದ್ದೆ ರಸ್ತೆಯಲ್ಲಿ ಕಾರು ನಾನು ತಿರುಗಿಸಿದಷ್ಟೇ ತಿರುಗಿ, ಒಂದಿಷ್ಟೂ ಜಾರದೆ ಮೇಲೇರಿದಾಗ ಆದ ಸಂತೋಷ ಇನ್ನೂ ಕೈಯಲ್ಲಿದೆ.

ಈಗ 58,000 ಕಿ.ಮೀ. ಆಗಿದೆ. 60,000ಕ್ಕೆ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಬೇಕು. ಅದಕ್ಕೆ ಹಣ ತೆಗೆದಿಟ್ಟಿದ್ದೇನೆ, ದೀಪಾವಳಿಯ ಹಿಂದಿನ ವಾರಕ್ಕೆ ದಿನವನ್ನೂ ಗೊತ್ತು ಮಾಡಿಕೊಂಡಿದ್ದೇನೆ.